ನನಗೆ ನಾನೇ ಕೊಟ್ಟ ನೋಟಿಸು

ಕೆಲವು ವರ್ಷಗಳ ಹಿಂದೆ, ಒಂದು ಫೆಬ್ರವರಿ ತಿಂಗಳಲ್ಲಿ, ನಾನು ನನಗೇ ಕಾರಣ ಕೇಳಿ ನೋಟಿಸು ಕೊಟ್ಟೆ. ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಸಲ್ಲಿಸದಿದ್ದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು ಎಂದು ಗದರಿಸಿದೆ. ಬೇರೆ ಯಾರಾದರೂ ಗದರಿಸಿದ್ದರೆ ಅಷ್ಟು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ಈ ಮನುಷ್ಯನ ಸ್ವಭಾವ ನನಗೆ ಚೆನ್ನಾಗಿ ಗೊತ್ತಿದ್ದರಿಂದ ಆ ರಾತ್ರಿ ನಿದ್ದೆ ಬರಲಿಲ್ಲ.

ತಲೆ ಕೆಟ್ಟಿರಲಿಲ್ಲ, ಸ್ವಾಮಿ. ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಕಾಲೇಜಿಗೆ ‘ನ್ಯಾಕ್’ ಬರುವುದಿತ್ತು, ಅಷ್ಟೇ.

ನ್ಯಾಕ್ ಎಂದರೆ ಗೊತ್ತಿಲ್ಲದ ಪುಣ್ಯವಂತರಿಗೆ ಒಂದು ಮಾತು. ದೇಶದ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ಗ್ರೇಡು ಕೊಡಲು 1994ರಲ್ಲಿ ಹುಟ್ಟಿದ ಸಂಸ್ಥೆ ಅದು. ಕಚೇರಿ ಇರುವುದು ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ. ಆಗ ಏಳು ಮಾನದಂಡ, ಒಟ್ಟು 1000 ಅಂಕ ಇದ್ದವು. ಮಕ್ಕಳನ್ನು ಪರೀಕ್ಷೆ ಮಾಡಿ ಮಾಡಿ ಅಭ್ಯಾಸವಾದ ನಮಗೆ ಬರುವ ಪರೀಕ್ಷೆ ಅದೊಂದೇ. ಹಾಗಾಗಿ ಮಕ್ಕಳು ಪರೀಕ್ಷೆಯ ಹಿಂದಿನ ವಾರ ಏನೇನು ಮಾಡುತ್ತಾರೋ ಅಷ್ಟನ್ನೂ ನಾವೂ ಮಾಡುತ್ತೇವೆ.

ನಮ್ಮ ಪ್ರಾಂಶುಪಾಲರು ಪ್ರಭಾರದವರು. ಭೂಗೋಳದ ಮೇಷ್ಟ್ರು, ಎಲ್ಲರಿಗಿಂತ ಹಿರಿಯರಾದ ಒಂದೇ ತಪ್ಪಿಗೆ ಆ ಕುರ್ಚಿ ಅವರ ಪಾಲಿಗೆ ಬಂದಿತ್ತು. ಒಂದು ಮಧ್ಯಾಹ್ನ ನನ್ನನ್ನು ಕರೆಸಿ, “ಮೇಷ್ಟ್ರೆ, ನ್ಯಾಕ್ ಕೆಲಸ ನೋಡಿಕೊಳ್ಳುವ ಆಂತರಿಕ ಗುಣಮಟ್ಟ ಭರವಸಾ ಕೋಶಕ್ಕೆ ನೀವೇ ಸಂಯೋಜಕರಾಗಬೇಕು. ನಿಮ್ಮ ಬರವಣಿಗೆ ಚೆನ್ನಾಗಿದೆ, ಮನೆಯೂ ಹತ್ತಿರ” ಎಂದರು. ಮನೆ ಹತ್ತಿರ ಎಂದರೆ ರಾತ್ರಿ ಎಂಟರವರೆಗೂ ಕೂರಿಸಿಕೊಳ್ಳಬಹುದು ಎಂದು ಅರ್ಥ. ನನ್ನ ಕಿವಿ ‘ಬರವಣಿಗೆ ಚೆನ್ನಾಗಿದೆ’ ಎಂಬಲ್ಲಿಗೇ ಬಾಗಿಲು ಹಾಕಿಕೊಂಡಿತ್ತು.

ಸಂಜೆಯೇ ಹೋಗಿ 350 ರೂಪಾಯಿ ಕೊಟ್ಟು ಮೇಜಿನ ಮೇಲಿಡಲು ಒಂದು ನಾಮಫಲಕ ಬರೆಸಲು ಹಾಕಿದೆ. ಮನೆಯಲ್ಲಿ ವಿಷಯ ತಿಳಿಸಿದೆ.

“ಏನ್ರೀ, ಪ್ರಮೋಷನ್ನಾ?”

“ಹೆಚ್ಚುಕಡಿಮೆ ಹಾಗೇ ಅನ್ನು.”

“ಸಂಬಳ ಜಾಸ್ತಿ ಆಗತ್ತಾ?”

“ಜವಾಬ್ದಾರಿ ಜಾಸ್ತಿ ಆಗತ್ತೆ.”

“ಅದು ಪ್ರಮೋಷನ್ ಅಲ್ಲ ಕಣ್ರೀ, ಸಂಸಾರ” ಎಂದು ಹೇಳಿ ಆಕೆ ಒಗ್ಗರಣೆಗೆ ಸಾಸಿವೆ ಹಾಕಿದಳು.

ಮಾರನೆಯ ದಿನ ಸಮಿತಿಗಳ ಹಂಚಿಕೆ. ಕಾಲೇಜು ಎಂದರೆ ಪಾಠ, ಪರೀಕ್ಷೆ, ಫಲಿತಾಂಶ ಎಂದುಕೊಂಡಿರುವವರು ಒಮ್ಮೆ ಈ ಪಟ್ಟಿ ನೋಡಬೇಕು. ರ‍್ಯಾಗಿಂಗ್ ತಡೆ ಸಮಿತಿ, ಆಂತರಿಕ ದೂರು ಸಮಿತಿ, ಕುಂದುಕೊರತೆ ನಿವಾರಣಾ ಸಮಿತಿ, ಗ್ರಂಥಾಲಯ ಸಮಿತಿ, ವೇಳಾಪಟ್ಟಿ ಸಮಿತಿ, ಖರೀದಿ ಸಮಿತಿ, ಕಟ್ಟಡ ನಿರ್ವಹಣಾ ಸಮಿತಿ, ವಾರ್ಷಿಕ ಸಂಚಿಕೆ ಸಮಿತಿ, ಉದ್ಯೋಗ ಮಾಹಿತಿ ಕೋಶ, ರೆಡ್ ಕ್ರಾಸ್, ಎನ್ನೆಸ್ಸೆಸ್, ಇಕೋ ಕ್ಲಬ್... ನಮ್ಮಲ್ಲಿ ಒಟ್ಟು 31. ಖಾಯಂ ಬೋಧಕರು 11 ಮಂದಿ. ಉಳಿದವರೆಲ್ಲ ಅತಿಥಿ ಉಪನ್ಯಾಸಕರು. ಅವರ ನೇಮಕ ವರ್ಷ ವರ್ಷಕ್ಕೆ ಮುಗಿಯುವುದರಿಂದ ಸಂಚಾಲಕರ ಜಾಗಕ್ಕೆ ಅವರ ಹೆಸರು ಹಾಕುವಂತಿರಲಿಲ್ಲ. ಈ ಲೇಖನದ ಉದ್ದಕ್ಕೂ ನಾವು ಖಾಯಂ ಮಂದಿ ಒಬ್ಬರಿಗೊಬ್ಬರು ಪತ್ರ ಬರೆದುಕೊಳ್ಳುತ್ತಿರುವಾಗ ಕೊಠಡಿಗಳಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದವರು ಅವರು. ಅದೊಂದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಉಳಿದ ಮೇಷ್ಟ್ರುಗಳು ಸಭೆಯಲ್ಲಿ ತಲೆ ತಗ್ಗಿಸಿ ಮೊಬೈಲು ನೋಡುತ್ತಿದ್ದರೆ, ನಾನು ಮದುವೆಮನೆಯಲ್ಲಿ ಎರಡನೇ ಸಲ ಹೋಳಿಗೆಗೆ ಎಲೆ ಮುಂದೆ ಸರಿಸುವವನ ಹಾಗೆ ಒಂದೊಂದಕ್ಕೂ “ಇರಲಿ ಬಿಡಿ, ನಾನು ನೋಡ್ಕೋತೀನಿ” ಎಂದೆ. ಕೊನೆಗೆ ಎಣಿಸಿದಾಗ ನನ್ನ ಪಾಲಿಗೆ ಒಂಬತ್ತು ಸಮಿತಿ ಬಂದಿದ್ದವು. ಕಾಮರ್ಸ್ ಮೇಷ್ಟ್ರು ಕೈ ಕುಲುಕಿ, “ನವಗ್ರಹಗಳೂ ನಿಮ್ಮಲ್ಲೇ ಇವೆ” ಎಂದರು. ಹೊಗಳಿಕೆ ಎಂದೇ ತಿಳಿದೆ.

ಒಂದೊಂದು ಸಮಿತಿಗೂ ಒಂದು ಬೋರ್ಡು ಬೇಕು, ಬೋರ್ಡಿಗೆ ಒಂದು ಕೊಠಡಿ ಬೇಕು. ನನಗಿದ್ದದ್ದು ಒಂದು ಕೊಠಡಿ. ಒಂಬತ್ತು ಬೋರ್ಡೂ ಅದೇ ಬಾಗಿಲಿಗೆ ಹತ್ತಿದವು. ಮೊದಲ ವಾರದಲ್ಲೇ ಯಾರೋ ಊರಿನವರು ಅದನ್ನು ನೋಡಿ, ನೋಟರಿ ಕಚೇರಿ ಇರಬೇಕೆಂದು ಛಾಪಾ ಕಾಗದ ಹಿಡಿದು ಒಳಗೆ ಬಂದರು.

ಆರನೆಯ ಮಾನದಂಡ ಆಡಳಿತ ಮತ್ತು ನಾಯಕತ್ವದ್ದು. ಅದಕ್ಕೆ ಸಂಸ್ಥೆಯ ಆಡಳಿತ ರಚನೆಯ ನಕ್ಷೆ ಬೇಕು. ಯಾರ ಕೆಳಗೆ ಯಾರು ಎಂಬುದನ್ನು ಚೌಕ, ಬಾಣಗಳಲ್ಲಿ ತೋರಿಸಬೇಕು. ಬೇರೆಯವರಾದರೆ ಪಕ್ಕದೂರಿನ ಕಾಲೇಜಿನ ನಕ್ಷೆ ತಂದು ಹೆಸರು ಬದಲಿಸುತ್ತಿದ್ದರು. ನಾನು ಇತಿಹಾಸದವನು. ಬೇರಿನಿಂದಲೇ ಅಗೆಯಬೇಕು ಅನ್ನಿಸಿತು. 1857ರಲ್ಲಿ, ಅತ್ತ ಸಿಪಾಯಿಗಳು ದಂಗೆ ಎದ್ದ ವರ್ಷವೇ, ಇತ್ತ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಲಂಡನ್ ವಿಶ್ವವಿದ್ಯಾಲಯದ ಮಾದರಿ. ವಿಶ್ವವಿದ್ಯಾಲಯ ಪಾಠ ಹೇಳುವುದಿಲ್ಲ, ಪರೀಕ್ಷೆ ಮಾತ್ರ ನಡೆಸುತ್ತದೆ. ಪಾಠ ಹೇಳುವುದು ಅದಕ್ಕೆ ಸಂಯೋಜನೆಗೊಂಡ ಕಾಲೇಜುಗಳ ಹಣೆಬರಹ. ನಮ್ಮ ಮಹಾರಾಜ ಕಾಲೇಜು, ಸೆಂಟ್ರಲ್ ಕಾಲೇಜಿನ ಹುಡುಗರೂ ಮದ್ರಾಸಿನ ಪರೀಕ್ಷೆಯನ್ನೇ ಬರೆಯುತ್ತಿದ್ದರು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಈ ಎರಡು ಕಾಲೇಜುಗಳೇ ಅದರ ಬಂಡವಾಳ. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ, ದಿವಾನರು ವಿಶ್ವೇಶ್ವರಯ್ಯ. ಎಷ್ಟು ಚಿಕ್ಕ ನಕ್ಷೆ! ಅಂಚೆ ಕಾರ್ಡಿನ ಹಿಂಬದಿಯಲ್ಲಿ ಬರೆಯಬಹುದಿತ್ತು.

ನಮ್ಮದು ಹಾಗಲ್ಲ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದ ಪ್ರಕಾರ ಮೇಲೆ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ, ಅವರ ಕೆಳಗೆ ಕುಲಪತಿ, ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಇಬ್ಬರು ಕುಲಸಚಿವರು (ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಮೌಲ್ಯಮಾಪನಕ್ಕೆ), ವಿತ್ತಾಧಿಕಾರಿ. ಇದೊಂದು ಸಾಲು. ಆದರೆ ನಮಗೆ ಸಂಬಳ ಕೊಡುವವರು, ವರ್ಗ ಮಾಡುವವರು ಇವರಾರೂ ಅಲ್ಲ. ಅದಕ್ಕೆ ಆಗಿನ ಕಾಲೇಜು ಶಿಕ್ಷಣ ಇಲಾಖೆ, ಅದರ ಜಂಟಿ ನಿರ್ದೇಶಕರು. ಇದು ಎರಡನೇ ಸಾಲು. ಮೂರನೆಯದು ಕಾಲೇಜು ಅಭಿವೃದ್ಧಿ ಸಮಿತಿ, ಅದಕ್ಕೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಪಾಠಪಟ್ಟಿ ಒಬ್ಬರದು, ಸಂಬಳ ಇನ್ನೊಬ್ಬರದು, ಕಾಂಪೌಂಡು ಮತ್ತೊಬ್ಬರದು. ಇದರ ನಡುವೆ ಸಂಯೋಜನೆ ನವೀಕರಣಕ್ಕೆ ವಿಶ್ವವಿದ್ಯಾಲಯದಿಂದ ಸ್ಥಳೀಯ ವಿಚಾರಣಾ ಸಮಿತಿ ಬರುತ್ತದೆ. ಅದರ ಚುಟುಕು ಹೆಸರು ಎಲ್‌ಐಸಿ. ‘ನಾಳೆ ಎಲ್‌ಐಸಿಯವರು ಬರ್ತಾರೆ’ ಎಂದು ಮನೆಯಲ್ಲಿ ಹೇಳಿ, ಹಳೇ ಪಾಲಿಸಿಯ ಕಂತು ಕಟ್ಟದ ವಿಷಯ ನಾನಾಗಿಯೇ ಬಯಲು ಮಾಡಿಕೊಂಡದ್ದು ಬೇರೆ ಕಥೆ.

ಬಾಣಗಳನ್ನೆಲ್ಲ ಎಳೆದು ಮುಗಿಸಿ ನೋಡುತ್ತೇನೆ, ಮೂರೂ ಕಡೆಯಿಂದ ಬಂದ ಬಾಣಗಳು ಪ್ರಾಂಶುಪಾಲರ ಚೌಕಕ್ಕೇ ಚುಚ್ಚಿವೆ. ಕೆಳಗಿನಿಂದ 31 ಸಮಿತಿಗಳದು ಬೇರೆ. ಶರಶಯ್ಯೆಯ ಭೀಷ್ಮರು ಕಂಡ ಹಾಗೆ ಕಂಡಿತು.

ಅದನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಫ್ಲೆಕ್ಸ್ ಅಂಗಡಿಗೆ ಒಯ್ದೆ. ಅಂಗಡಿಯ ಹುಡುಗನಿಗೆ ಗೊತ್ತಿದ್ದದ್ದು ನಾಮಕರಣ, ನಾಯಕರ ಹುಟ್ಟುಹಬ್ಬ ಮತ್ತು ವೈಕುಂಠ ಸಮಾರಾಧನೆ. “ಸಾರ್, ಮೇಲ್ಗಡೆ ಗೌರ್ನರ್ ಫೋಟೊ ಹಾಕ್ಬಿಟ್ಟು, ಕೆಳಗಡೆ ‘ಶುಭ ಕೋರುವವರು’ ಅಂತ ನಿಮ್ದೆಲ್ಲಾ ಸಾಲಾಗಿ ಹಾಕ್ಲಾ?” ಎಂದ. ಅದಕ್ಕೆ ಬೇಡವೆಂದೆ. ಪ್ರಾಂಶುಪಾಲರ ಫೋಟೊ ಮಾತ್ರ ಸಾಕು ಎಂದು ಕೊಟ್ಟೆ. ಅವನು ಕಂಪ್ಯೂಟರಿನಲ್ಲಿ ಏನೋ ತೋರಿಸಿ “ಹಿಂಗಿರ್ಲಾ ಸಾರ್?” ಎಂದಾಗ ನಾನು ಖರೀದಿ ಸಮಿತಿಯ ಸಭೆ ಮುಂದೂಡುವ ಮೆಸೇಜು ಬರೆಯುತ್ತಿದ್ದೆ, ತಲೆ ಎತ್ತದೆ “ಹೂಂ” ಎಂದೆ.

ಫ್ಲೆಕ್ಸು ಕಾಲೇಜಿನ ಮುಂಬಾಗಿಲಿಗೆ ಏರಿತು. ಪ್ರಾಂಶುಪಾಲರ ಫೋಟೊ ದುಂಡು ಚೌಕಟ್ಟಿನೊಳಗೆ ಕೂತಿತ್ತು. ಚೌಕಟ್ಟಿನ ಸುತ್ತ ಮಲ್ಲಿಗೆ ಹಾರ, ಎಡಕ್ಕೊಂದು ಬಲಕ್ಕೊಂದು ಉರಿಯುವ ದೀಪ. ಅವರು ಸ್ಕೂಟರಿನಿಂದ ಇಳಿದವರು ಹೆಲ್ಮೆಟ್ ತೆಗೆಯುವುದನ್ನೂ ಮರೆತು ಬಹಳ ಹೊತ್ತು ಅದನ್ನು ನೋಡಿದರು.

“ನಾನು ಯಾವಾಗ ಹೋದೆ, ಮೇಷ್ಟ್ರೆ?” ಎಂದರು.

ಮಧ್ಯಾಹ್ನದೊಳಗೆ ಫ್ಲೆಕ್ಸು ಇಳಿಯಿತು. ಅಷ್ಟರಲ್ಲಿ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಇಬ್ಬರು ಕೈಮುಗಿದಿದ್ದರು.

ಇನ್ನು ದೂರು ಪೆಟ್ಟಿಗೆ. ಕುಂದುಕೊರತೆ ನಿವಾರಣಾ ಸಮಿತಿಯ ಸಂಚಾಲಕನಾಗಿ ಅದರ ಬೀಗದ ಕೈ ನನಗೆ ಬಂತು. ದೂರು ಬಂದದ್ದಕ್ಕೆ, ವಿಚಾರಣೆ ನಡೆದದ್ದಕ್ಕೆ, ಕ್ರಮ ಕೈಗೊಂಡದ್ದಕ್ಕೆ ಕಡತ ಬೇಕಿತ್ತು. ದೂರೇ ಇಲ್ಲದಿದ್ದರೆ ಸಮಿತಿ ಸತ್ತಿದೆ ಎಂದು ಅರ್ಥ. ಹಾಗಾಗಿ ದೂರು ಇರಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತಲೇ ಬೀಗ ತೆಗೆದೆ. ಒಳಗೆ ಚಾಕೊಲೇಟಿನ ಕಾಗದ, ಹಳೇ ಬಸ್ ಪಾಸಿನ ಜೆರಾಕ್ಸು, ಯಾರಿಗೆಂದು ಬರೆಯದ ಒಂದು ಪ್ರೇಮಪತ್ರ, ಮತ್ತು ಎರಡು ದೂರು.

ಮೊದಲನೆಯದು, ಕುಡಿಯುವ ನೀರಿನ ಫಿಲ್ಟರಿನ ನಲ್ಲಿ ಸೋರುತ್ತಿದೆ ಎಂದು.

ನಾನು ಕೂಡಲೇ ಕ್ರಮ ಕೈಗೊಂಡೆ. ಕುಂದುಕೊರತೆ ಸಮಿತಿಯ ಸಂಚಾಲಕನಾದ ನಾನು ಕಟ್ಟಡ ನಿರ್ವಹಣಾ ಸಮಿತಿಯ ಸಂಚಾಲಕನಾದ ನನಗೆ ‘ಮಾನ್ಯರೇ’ ಎಂದು ಸಂಬೋಧಿಸಿ ಪತ್ರ ಬರೆದೆ. ಅಟೆಂಡರನ್ನು ಕರೆದು, “ಇದನ್ನ ಮುದ್ದಾಂ ಮುಟ್ಟಿಸು” ಎಂದೆ.

“ಯಾರ್ಗ್ ಸಾ?”

“ನನಗೆ.”

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಸರ್ಕಾರಿ ಕೆಲಸದಲ್ಲಿ 22 ವರ್ಷ ಸವೆಸಿದವನು, ಏನನ್ನೂ ಕೇಳಲಿಲ್ಲ. ಬಾಗಿಲ ತನಕ ಹೋಗಿ, ತಿರುಗಿ ಬಂದು, ಪತ್ರವನ್ನು ಮೇಜಿನ ಮೇಲಿಟ್ಟು, ಟಪಾಲು ಪುಸ್ತಕ ಚಾಚಿ, “ತಲುಪಿದೆ ಅಂತ ಒಂದ್ ಸೈನ್ ಹಾಕಿ ಸಾ” ಎಂದ.

ಕಟ್ಟಡ ಸಮಿತಿಯವನಾಗಿ ಸ್ಥಳ ಪರಿಶೀಲನೆ ಮಾಡಿ, ವಾಷರ್ ಸವೆದಿದೆ, ಖರೀದಿಸಬೇಕು ಎಂದು ಖರೀದಿ ಸಮಿತಿಗೆ ಬರೆದೆ. ಖರೀದಿ ಸಮಿತಿಯ ಸಂಚಾಲಕ, ನಾನೇ, ಸ್ವಲ್ಪ ಬಿಗಿ ಮನುಷ್ಯ. ಅಂದಾಜು ಪಟ್ಟಿ ಲಗತ್ತಿಸಿಲ್ಲ ಎಂದು ಷರಾ ಬರೆದು ಕಡತ ವಾಪಸು ಕಳಿಸಿದೆ. ಕಟ್ಟಡ ಸಮಿತಿಯವನಿಗೆ ಇದರಿಂದ ನಿಜವಾಗಿ ಸಿಟ್ಟು ಬಂತು. ಹದಿನೈದು ರೂಪಾಯಿಯ ವಾಷರಿಗೆ ಅಂದಾಜು ಪಟ್ಟಿಯೇ? ಈ ಆಸಾಮಿಗೆ ಅಧಿಕಾರದ ಮದ ನೆತ್ತಿಗೇರಿದೆ ಎಂದುಕೊಂಡು ಖಾರವಾದ ನೆನಪೋಲೆ ಬರೆದೆ. ಖರೀದಿ ಸಮಿತಿಯೇನು ಸುಮ್ಮನಿರುತ್ತದೆಯೇ? ಮೂರು ಕೊಟೇಶನ್ ಕೇಳಿತು. ನಡುವೆ ಕೂತ ಕುಂದುಕೊರತೆ ಸಮಿತಿ ಇಬ್ಬರಿಗೂ ಬುದ್ಧಿ ಹೇಳಿ ಒಂದು ಸಂಧಾನ ಸಭೆ ಕರೆಯಿತು. ಆ ಸಭೆಗೆ ಕೋರಂ ಇತ್ತು. ನಡಾವಳಿಯನ್ನೂ ಬರೆದೆ, ಚಹಾಕ್ಕೆ ಬಿಲ್ಲು ಹಾಕಲಿಲ್ಲ ಎಂಬುದಷ್ಟೇ ನನ್ನ ಪ್ರಾಮಾಣಿಕತೆ.

ಕಡತ 14 ಪುಟವಾದ ದಿನ ಅಟೆಂಡರು ಬಂದು, “ಸಾ, ಆ ನಲ್ಲೀಗ್ ನಾನೇ ವಾಷರ್ ಹಾಕ್ದೆ, ಹ್ವಾದ್ ಸ್ವಾಮಾರನೇ. ಮನೇಲ್ ಒಂದ್ ಬಿದ್ದಿತ್ತು” ಎಂದ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಕೊಟೇಶನ್ ಇಲ್ಲದೆ, ಆದೇಶವಿಲ್ಲದೆ, ದಾಸ್ತಾನು ವಹಿಯಲ್ಲಿ ನಮೂದಾಗದೆ ಸರ್ಕಾರಿ ನಲ್ಲಿಯೊಳಗೆ ಒಂದು ಖಾಸಗಿ ವಾಷರು ಸೇರಿಕೊಂಡಿತ್ತು. ಅದನ್ನು ಸಕ್ರಮ ಮಾಡಲು ಇನ್ನೂ ನಾಲ್ಕು ಪುಟ ಹಿಡಿಯಿತು.

ಎರಡನೇ ದೂರು ದುಂಡು ಅಕ್ಷರದಲ್ಲಿತ್ತು. ‘ಎರಡನೇ ಬಿ.ಎ.ಗೆ ಇತಿಹಾಸದ ಸಾರು ಪಾಠಕ್ಕೆ ಬರುತ್ತಿಲ್ಲ. ಕೇಳಿದರೆ ಮೀಟಿಂಗ್ ಅನ್ನುತ್ತಾರೆ. ನಮಗೆ ಮೈಸೂರು ಒಡೆಯರು ಇನ್ನೂ ಶುರುವೇ ಆಗಿಲ್ಲ.’ ಹೆಸರಿಲ್ಲ.

ಮೊದಲು ಬೆವರಿದೆ. ಆಮೇಲೆ ನನ್ನೊಳಗಿನ ಸಂಯೋಜಕ ತಲೆ ಎತ್ತಿದ. ಎಂಥ ಕಡತ! ಬೋಧಕನ ಮೇಲೆಯೇ ದೂರು, ನಿಷ್ಪಕ್ಷಪಾತ ವಿಚಾರಣೆ, ಶಿಸ್ತುಕ್ರಮ. ಇದಕ್ಕಿಂತ ಒಳ್ಳೆಯ ದಾಖಲೆ ಯಾವ ಕಾಲೇಜಿನಲ್ಲಿ ಸಿಗುತ್ತದೆ? ಆ ಹುಮ್ಮಸ್ಸಿನಲ್ಲಿ ಬರೆದದ್ದೇ ಮೊದಲು ಹೇಳಿದ ನೋಟಿಸು.

ಮೂರನೇ ದಿನ ಸಮಜಾಯಿಷಿ ಬಂತು. ‘ಸದರಿ ಅವಧಿಯಲ್ಲಿ ನಾನು ನ್ಯಾಕ್ ವರದಿಯ ಎರಡನೇ ಮಾನದಂಡವಾದ ಬೋಧನೆ ಮತ್ತು ಕಲಿಕೆಯ ಅಧ್ಯಾಯವನ್ನು ಸಿದ್ಧಪಡಿಸುತ್ತಿದ್ದುದರಿಂದ ಬೋಧನೆಗೆ ಹೋಗಲು ಸಾಧ್ಯವಾಗಿರುವುದಿಲ್ಲ.’ ಬರೆದಿದ್ದೆಲ್ಲ ನಿಜ. 1000ದಲ್ಲಿ 350 ಅಂಕ ಅದೊಂದಕ್ಕೇ ಇತ್ತು. ಆದರೂ ಓದಿದಾಗ ನನಗೆ ಒಪ್ಪಿಗೆಯಾಗಲಿಲ್ಲ. ‘ಸಮಜಾಯಿಷಿ ಸಮಾಧಾನಕರವಾಗಿಲ್ಲ’ ಎಂದು ಷರಾ ಬರೆದು, ಬಾಕಿ ಉಳಿದ 26 ತರಗತಿಗಳನ್ನು ಭಾನುವಾರಕ್ಕೆ ಎರಡರಂತೆ ತೆಗೆದುಕೊಳ್ಳತಕ್ಕದ್ದು ಎಂದು ಆದೇಶಿಸಿದೆ. ಕಡತಕ್ಕೆ ತಾನೇ, ಎಷ್ಟು ಕಠಿಣವಾಗಿದ್ದರೆ ಅಷ್ಟು ಚೆಂದ. ಪ್ರಾಂಶುಪಾಲರ ಮುಂದೆ ಸಹಿಗೆ ಹೋದ 40 ಕಾಗದಗಳ ನಡುವೆ ಅದೂ ಹೋಗಿ ಮುದ್ರೆ ಒತ್ತಿಸಿಕೊಂಡು ಬಂತು.

ನ್ಯಾಕ್‌ನ ಮೂವರ ತಂಡ ಎರಡು ದಿನಕ್ಕೆ ಬಂತು. ಅಧ್ಯಕ್ಷರು ಬೇರೆ ರಾಜ್ಯದವರು, ಕನ್ನಡ ಬರುತ್ತಿರಲಿಲ್ಲ. ಅದಕ್ಕೆಂದೇ ಮುಖ್ಯ ಕಡತಗಳಿಗೆಲ್ಲ ಇಂಗ್ಲಿಷ್ ಅನುವಾದ ಹಚ್ಚಿದ್ದೆ. ಸಭೆಯಲ್ಲಿ ಒಂದೊಂದು ಸಮಿತಿಯ ಹೆಸರು ಕರೆದ ಹಾಗೆ ಅದರ ಸಂಚಾಲಕರು ಎದ್ದು ಪರಿಚಯ ಹೇಳಬೇಕು. ನಾಲ್ಕನೇ ಸಲ ಎದ್ದು ಕೂರಲು ಹೋದಾಗ ಪ್ರಾಂಶುಪಾಲರು ಪಿಸುಗುಟ್ಟಿದರು: “ಕೂರಬೇಡಿ ಮೇಷ್ಟ್ರೆ, ಹಾಗೇ ನಿಂತಿರಿ. ಮುಂದಿನದೂ ನಿಮ್ದೇ.”

ಮಧ್ಯಾಹ್ನ ಕಡತಗಳ ಪರಿಶೀಲನೆ. ಅಧ್ಯಕ್ಷರು ನನ್ನ ಹೆಮ್ಮೆಯ ಕಡತವನ್ನೇ ತೆಗೆದು ಕನ್ನಡಕ ಏರಿಸಿಕೊಂಡು ಓದಿದರು. ಮೆಚ್ಚಿಗೆ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಹುಬ್ಬು ಗಂಟಿಕ್ಕಿತು. ವಿಚಾರಣೆ ಮಾಡಿದವರದೂ ತಪ್ಪು ಮಾಡಿದವರದೂ ಒಂದೇ ಹೆಸರಲ್ಲವೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪ್ರಾಂಶುಪಾಲರು ಗಾಬರಿಯಲ್ಲಿ, “ಹೌದು ಸಾರ್, ನಮ್ಮ ಕಡೆ ಈ ಹೆಸರು ಜಾಸ್ತಿ” ಎಂದುಬಿಟ್ಟರು.

“ಹಾಗಾದರೆ ಇನ್ನೊಬ್ಬರನ್ನು ಕರೆಸಿ. ಇಂಥ ಆದೇಶ ಒಪ್ಪಿಕೊಂಡವರನ್ನು ನೋಡಬೇಕು.”

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಟೆಂಡರು ಮಾತ್ರ, ಅಭ್ಯಾಸಬಲದಿಂದ, ಬಾಗಿಲ ತನಕ ಹೋಗಿ ತಿರುಗಿ ಬಂದು ನನ್ನ ಪಕ್ಕದಲ್ಲಿ ನಿಂತ.

“ಅವನೂ ನಾನೇ ಸಾರ್” ಎಂದೆ.

ಅಧ್ಯಕ್ಷರು ಕಡತವನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. “26ರಲ್ಲಿ ಎಷ್ಟು ಆಯಿತು?” ಎಂದು ಕೇಳಿದರು. ಒಂದೂ ಆಗಿರಲಿಲ್ಲ. “ಈ ಭಾನುವಾರದಿಂದ ಶುರುವೋ?” ಎಂದರು. ಸುತ್ತ ನಿಂತ ಸಹೋದ್ಯೋಗಿಗಳೆಲ್ಲ ನನ್ನ ಪರವಾಗಿ ಹೌದೆಂದು ತಲೆ ಆಡಿಸಿದರು. ಇಷ್ಟು ಒಗ್ಗಟ್ಟನ್ನು ನಮ್ಮ ಕಾಲೇಜಿನಲ್ಲಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಬಿ ಪ್ಲಸ್ ಗ್ರೇಡು ಬಂತು. ವರದಿಯಲ್ಲಿ ಕುಂದುಕೊರತೆ ನಿವಾರಣೆ ಚುರುಕಾಗಿದೆ ಎಂದು ಬಲದ ಪಟ್ಟಿಯಲ್ಲೂ, ಖಾಯಂ ಬೋಧಕರು ಸಾಲದು ಎಂದು ದೌರ್ಬಲ್ಯದ ಪಟ್ಟಿಯಲ್ಲೂ ಇತ್ತು. ಎರಡೂ ನನ್ನ ಬಗ್ಗೆಯೇ ಎಂದು ಕಾಮರ್ಸ್ ಮೇಷ್ಟ್ರ ಅಭಿಪ್ರಾಯ.

ಮೊದಲ ಭಾನುವಾರ 48 ಮಂದಿಯಲ್ಲಿ 14 ಜನ ಬಂದರು. ಒಡೆಯರನ್ನು ಶುರು ಮಾಡಿದೆ. ಎಷ್ಟೋ ತಿಂಗಳ ಮೇಲೆ ಬೋರ್ಡಿನ ಮೇಲೆ 1399 ಎಂದು ಬರೆಯುವಾಗ ಸೀಮೆಸುಣ್ಣ ಕೈಗೆ ಹಿತವಾಗಿತ್ತು, ಅದನ್ನು ಮುಚ್ಚಿಡಲಾರೆ. ಎರಡನೇ ಭಾನುವಾರ ಒಂಬತ್ತು ಜನ, ಮೂರನೆಯದಕ್ಕೆ ಆರು. ಸೋಮವಾರ ದೂರು ಪೆಟ್ಟಿಗೆ ತೆಗೆದರೆ ಅದೇ ದುಂಡು ಅಕ್ಷರ: ‘ಭಾನುವಾರ ನಮ್ಮೂರಿನಿಂದ ಬಸ್ಸಿಲ್ಲ. ಮೂರು ಕಿಲೋಮೀಟರ್ ನಡೆದು ಬರಬೇಕು. ದಯವಿಟ್ಟು ಇತಿಹಾಸದ ಸಾರು ಮೊದಲಿನ ಹಾಗೆ ಮೀಟಿಂಗಿಗೆ ಹೋಗಲಿ.’

ಅರ್ಜಿಯನ್ನು ನೋಂದಾಯಿಸಿ, ಸಂಬಂಧಪಟ್ಟವರ ಅಭಿಪ್ರಾಯ ಕೋರಿ ನನಗೆ ಕಳಿಸಿದೆ. ಬರೆದ ಹುಡುಗ ಪಾಸಾಗಿ, ಬಿ.ಎಡ್. ಮುಗಿಸಿ, ಈಗ ಪಕ್ಕದೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾನೆ. ಅರ್ಜಿ ಪರಿಶೀಲನೆಯಲ್ಲಿದೆ.